ಗಿಟಾರಿನ ತಂತಿಗೆ ಜೋಳದ ಹಿಟ್ಟು

"ಆ ತಗಡು ಒಳಗ ಹಚ್ಚಿದಿ ಅಂದ್ರ ನನ್ನ ಮನಿ ಹೊಸ್ತಿಲ ಮತ್ತ ತುಳೀಬ್ಯಾಡ, ದೇವಿಂದ್ರ!" ಅಂತ ಮಜೀದಸಾಬ ಚಾಚಾ ಕೂಗಿದರು.

"ಹಚ್ಚದಿದ್ರ ನನ್ನ ಯಾಕ ಕರಸಿದ್ರಿ? ನನ್ನ ಮಾರಿ ನೋಡ್ಲಿಕ್ಕೇನು?" ನಾನೂ ಕೂಗಿದೆ.

ನನಗೆ ಸಿಟ್ಟು ಬೇಗ ಬರುತ್ತದೆ, ಅದನ್ನು ಮುಚ್ಚಿಟ್ಟು ಬರೆಯುವವನಲ್ಲ. ಮೋಟಾರಿನ ಕಾಯಿಲ್ ಸುತ್ತುವುದು ನನ್ನ ಕಸಬು. ಒಂದು ಹಳೆಯ ಕರೆಂಟಿನ ಗಿಟಾರ್ ರಿಪೇರಿ ಮಾಡಬೇಕು ಅಂತ ಚಿತ್ತಾಪುರದ ಬ್ಯಾಂಡಿನ ಪೀರಪ್ಪ ಕರೆದದ್ದಕ್ಕೆ ಶಹಾಬಾದಿನಿಂದ ವಾಡಿಗೆ ಮಳೆಯಲ್ಲಿ ತೊಯ್ದುಕೊಂಡು ಬಂದಿದ್ದೆ. ಗಿಟಾರ್ ಚಾಚಾನದು. ಬೆರಳು ಸೆಟೆದು ಈಗ ಅವರಿಗೆ ಬಾರಿಸಲು ಆಗುತ್ತಿರಲಿಲ್ಲ, ಪೀರಪ್ಪನಿಗೆ ಕೊಡಲು ಒಪ್ಪಿದ್ದರು. ಅದನ್ನು ರೇಡಿಯೋಕ್ಕೆ ಹಚ್ಚಿದರೆ ಗುಂಯ್ ಅನ್ನುತ್ತಿತ್ತು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಒಳಗೆ ಹಚ್ಚಿ ಒಂದು ಬೆಸುಗೆ ಹಾಕಿದರೆ ಗದ್ದಲ ನಿಲ್ಲುತ್ತದೆ, ಅರ್ಧ ತಾಸಿನ ಕೆಲಸ. ನಾನು ಹಿಂದಿನ ಮುಚ್ಚಳ ಬಿಚ್ಚಿದ್ದೇ ತಡ, ಮುದುಕ ಎದ್ದು ನಿಂತಿದ್ದ.

"ಚಾಚಾ, ಮದುವಿ ಮನ್ಯಾಗ ಇದು ಗುಂಯ್ ಅಂದ್ರ ಬೀಗರು ಜೇನು ಎದ್ದಾವಂತ ಓಡ್ತಾರ," ಅಂದ ಪೀರಪ್ಪ.

ಚಾಚಾ ನಗಲಿಲ್ಲ. ಹೊರಗೆ ಸಿಮೆಂಟಿನ ಧೂಳು ಮಳೆಯಲ್ಲಿ ಕಲೆತು ಗೋಡೆಗುಂಟ ಇಳಿಯುತ್ತಿತ್ತು. ದೀಪ ಹಚ್ಚುವ ಹೊತ್ತು. ಒಂಟಿ ಮುದುಕನ ಮನೆ. ಊಟ ಖಾನಾವಳಿಯದು, ಉರಿ ಕಾಣದ ಮೂಲೆಯ ಒಲೆಯ ಮೇಲೆ ಹಳೆಯ ಪೇಪರಿನ ಗಂಟು ಇತ್ತು. ಚಾಚಾ ಮಂಚದ ಮೇಲೆ ಕೂತು, ನಮಗೆ ಚಾಪೆ ತೋರಿಸಿದರು.

"ಕುಂದ್ರಿ ಇಬ್ಬರೂ... ಮಳಿ ನಿಲ್ಲೋತನ ಎಲ್ಲಿ ಹೋಗ್ತೀರಿ? ಕೇಳ್ರಿ. ಅರವತ್ತೇಳನೇ ಇಸ್ವಿ ಇರಬೇಕು, ಆವಾಗ ನಾ ರೈಲ್ವೆ ಲೋಕೋ ಶೆಡ್ಡಿನಾಗ ಫಿಟರ್, ನಮ್ಮ ಒಬ್ಬ ಆಂಗ್ಲೋ ಇಂಡಿಯನ್ ಡ್ರೈವರ್ ನೌಕರಿ ಬಿಟ್ಟು, ಊರು ಬಿಟ್ಟು, ದೇಶಾನೇ ಬಿಟ್ಟು ಹೋಗಾವಾಗ ಈ ಗಿಟಾರ್ ನನ್ನ ಕೈಯಾಗ ಇಟ್ಟು ಹೋದ... ಆಗ ಇದರ ಗತಿ ನೋಡಬೇಕಿತ್ತು! ಬಣ್ಣ ಹೋಗಿ, ಕಟ್ಟಿಗಿ ಸೀಳಿ, ತಂತಿ ತುಕ್ಕು ಹಿಡದು, ರೇಡಿಯೋಕ್ಕ ಹಚ್ಚಿದ್ರ ಒಂದು ಸೊಲ್ಲಿಲ್ಲ. ಸೀಳಿಗೆ ಸರೇಸಿನ ಅಂಟು ತುಂಬಿದೆ, ಗೀಸಿ ಪಾಲಿಶ್ ಹೊಡದೆ. ಆದ್ರ ತಂತಿ ಕೆಳಗಿನ ಕಾಯಿಲ್ ಸತ್ತಿತ್ತು. ಕೂದಲಕ್ಕಿಂತ ಸಣ್ಣ ತಾಮ್ರದ ವೈರ್, ಎಂಟು ಸಾವಿರ ಸುತ್ತು. ಕೈಲೆ ಸುತ್ತಲಿಕ್ಕೆ ಆಗ್ತದೇನು? ದೇವಿಂದ್ರ, ನೀನೇ ಹೇಳು."

"ಆಗಂಗಿಲ್ಲ," ಅಂದೆ. ಕಸಬಿನ ಮಾತು ಬಂದರೆ ನನ್ನ ಸಿಟ್ಟು ಇಳಿಯುತ್ತದೆ.

"ಆಗಂಗಿಲ್ಲ! ಆಗ ನನ್ನ ಜೈಬುನ್ನೀಸಾ ತನ್ನ ಹೊಲಿಗಿ ಮಶೀನ್ ತಂದು ಮುಂದ ಇಟ್ಟಳು. ಬಾಬಿನ್ನಿಗೆ ದಾರ ಸುತ್ತೋ ಕಡ್ಡಿಗೆ ಕಾಯಿಲ್ ಕಟ್ಟಿದೆ, ಅಕಿ ಹಿಡಿ ತಿರುವಾಕಿ, ನಾ ಎರಡು ಬೆರಳಾಗ ವೈರ್ ಹಿಡದು ಬಿಡಾಂವ... ನೂರು ಸುತ್ತಿಗೊಂದು ಹುಣಸಿ ಬೀಜ ತಾಟಿನಾಗ. ವೈರ್ ಹರದ್ರ ಮತ್ತ ಒಂದರಿಂದ. ಮೂರು ಸಲ ಹರೀತು. ನಾ ತಾಟು ಎತ್ತಿ ಅಂಗಳಕ್ಕ ಒಗದೆ. ಅಕಿ ಒಂದೊಂದೇ ಬೀಜ ಆರಿಸಿಕೊಂಡು ಬಂದು, 'ಬೀಜ ಏನು ಪಾಪ ಮಾಡ್ಯಾವ? ಹಿಡೀರಿ ವೈರ್' ಅಂದಳು... ನಾಕನೇ ಸಲ ಎಂಬತ್ತು ಬೀಜ ತುಂಬಿದ್ವು.

"ರೇಡಿಯೋದ ಹಿಂದ ಗ್ರಾಮೋಫೋನ್ ಹಚ್ಚೋ ತೂತಿಗೆ ವೈರ್ ಹಾಕಿ ತಂತಿ ಮೀಟಿದೆ... ಅಬ್ಬಾ, ಹಲಿಗಿ ಮ್ಯಾಲಿನ ಪಾತ್ರಿ ನಡುಗಿದ್ವು! ಆದ್ರ ತಂತಿಯಿಂದ ಕೈ ತಗದ್ರ ಗುಂಯ್... ಕೈ ಇಟ್ರ ಸುಮ್ಮ. ಯಾಕ? ಒಳಗ ತಗಡು ಹಚ್ಚೋದು ಮರ್ತಿದ್ದೆ. ಬಿಚ್ಚಲಿಕ್ಕೆ ಹೋದ್ರ ಅಕಿ ಬ್ಯಾಡ ಅಂದಳು. 'ಅಳಬುರುಕ ಕೂಸು ಇದ್ದಂಗ ಅದ, ಕೈ ಇಟ್ರ ಸುಮ್ಮನಾಗ್ತದ, ಹಂಗೇ ಇರ್ಲಿ' ಅಂತ. ನಮಗ ಮಕ್ಕಳಿರಲಿಲ್ಲ, ತಮ್ಮಾ... ದಿನಾ ಸಂಜಿಗೆ ನಾ ಬಾರಸಾಂವ, ಬೀಡಿ ಹಚ್ಚಲಿಕ್ಕೆ ಎದ್ರ ಇದು ಗುಂಯ್ ಅನ್ನಾದು, ಅಕಿ ರೊಟ್ಟಿ ಬಡಿಯೋದು ಬಿಟ್ಟು ಓಡಿ ಬಂದು ಹಿಟ್ಟಿನ ಕೈನೇ ತಂತಿ ಮ್ಯಾಲ ಇಡಾಕಿ. ನಾ ಬೈಯಾಂವ, ಅಕಿ ನಗಾಕಿ.

"ಎಪ್ಪತ್ತೆರಡರಾಗ ಹೋದಳು. ಮೂರು ದಿನದ ಜ್ವರ, ಅಷ್ಟೇ. ನಲವತ್ತು ದಿನ ನಾ ಇದನ್ನ ಮುಟ್ಟಲಿಲ್ಲ. ನಲವತ್ತೊಂದನೇ ದಿನ, ಹಿಂಗೇ ಮಳಿ, ಇದೇ ಹೊತ್ತು... ಮಂಚದ ಮ್ಯಾಲ ಗಿಟಾರ್ ಇಟ್ಟು ರೇಡಿಯೋ ಹಚ್ಚಿದೆ. ಗುಂಯ್ ಅಂತು. ಅನ್ಲಿ ಅಂತ ಬಿಟ್ಟು ಬಾಗಲದಾಗ ಕುಂತು ಬೀಡಿ ಹಚ್ಚಾಕತ್ತಿದ್ದೆ... ಒಮ್ಮಿಗೇ ಸುಮ್ಮಾತು. ವೈರ್ ಕಳಚಿಲ್ಲ, ಕರೆಂಟ್ ಹೋಗಿಲ್ಲ, ನನ್ನ ಎರಡೂ ಕೈ ಬೀಡಿ ಮ್ಯಾಲ. ಹಂಗಾದ್ರ ತಂತಿ ಮ್ಯಾಲ ಯಾರ ಕೈ? ನಾ ಹೆದರಿದೆನೇನು? ಯಾಕ ಹೆದರಲಿ, ನನ್ನ ಹೆಂಡತಿ! ಬೀಡಿ ಪೂರಾ ಸೇದಿ, ಎದ್ದು ಹೋಗಿ, ಅಕಿಗೆ ಬೇಕಾದ ಹಾಡು ಬಾರಿಸಿದೆ... ಹನ್ನೊಂದು ವರ್ಷ ಆತು. ನೀ ತಗಡು ಹಚ್ಚಿದ್ರ ಇದು ಯಾವತ್ತೂ ಸುಮ್ಮ ಇರ್ತದ, ದೇವಿಂದ್ರ. ಆಗ ಅಕಿ ಬಂದದ್ದು ನನಗ ಹ್ಯಾಂಗ ಗೊತ್ತಾಗಬೇಕು?"

ನನ್ನ ಕೈಯಲ್ಲಿ ತಗಡಿತ್ತು. ಪಕ್ಕದಲ್ಲಿ ಸೋಲ್ಡರಿಂಗ್ ರಾಡು ಕಾದು ಹೊಗೆಯಾಡುತ್ತಿತ್ತು.

ಪೀರಪ್ಪ ಎದ್ದ. "ಕೊಡೋ ಮನಸಿಲ್ಲಂದ್ರ ಇಲ್ಲ ಅನ್ರಿ ಚಾಚಾ. ಸತ್ತವರನ್ನ ಯಾಕ ನಡುವ ತರ್ತೀರಿ?" ಅಂದವನೇ ಗಿಟಾರನ್ನು ಮಂಚದ ಮೇಲೆ ಅಂಗಾತ ಇಟ್ಟು, ವೈರ್ ಸಿಕ್ಕಿಸಿ, ರೇಡಿಯೋ ಹಚ್ಚಿದ. ಗುಂಯ್ ಅಂದಿತು. ಅವನು ಕೈ ಕಟ್ಟಿಕೊಂಡು ಗೋಡೆಗೆ ಹೋಗಿ ನಿಂತ. "ಹಚ್ಚೀನಿ ನೋಡ್ರಿ. ಬರ್ಲಿ ಈಗ ಚಾಚಿ!"

ಗುಂಯ್ ಅನ್ನುವುದನ್ನು ಮೂವರೂ ಕೇಳುತ್ತ ಇದ್ದೆವು, ಚಾಚಾನ ಎರಡೂ ಕೈ ಮೊಣಕಾಲ ಮೇಲಿದ್ದವು. ಆಮೇಲೆ ಅದು ನಿಂತಿತು.

"ಕರೆಂಟ್ ಹೋತು," ಅಂದೆ ನಾನು. ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. ರೇಡಿಯೋದ ಹಳದಿ ದೀಪ ಉರಿಯುತ್ತಿತ್ತು. ನಾನು ಎದ್ದು ಬಗ್ಗಿ ನೋಡಿದೆ. ತಂತಿಗಳ ಮೇಲೆ ನಾಲ್ಕು ಬೆರಳಗಲ ಬೆಳ್ಳಗಿತ್ತು. ಮುಟ್ಟಿದೆ. ಜೋಳದ ಹಿಟ್ಟು. ಒಲೆಯ ಮೇಲೆ ಪೇಪರಿನ ಗಂಟು ಇದ್ದ ಹಾಗೇ ಇತ್ತು.

ನಾನು ರಾಡಿನ ಪ್ಲಗ್ ಕಿತ್ತೆ. ತಗಡನ್ನು ಚೀಲಕ್ಕೆ ಹಾಕಿದೆ. ಯಾರೂ ಹೇಳಬೇಕಾಗಲಿಲ್ಲ.

ಚಾಚಾನ ಮುಖದಲ್ಲಿ ಹಬ್ಬದ ಕಳೆ ಇತ್ತು. "ಒಯ್ಯೋ ಪೀರಪ್ಪ! ಕೊಡಂಗಿಲ್ಲ ಅಂದೆನೇನು? ತಗಡು ಒಂದು ಬ್ಯಾಡ, ಅಷ್ಟೇ. ಮದುವಿ ಮನಿ ಅಂದ್ರ ಅಕಿಗೆ ಭಾಳ ಜೀವ... ನಿನ್ನ ಸಂಗಟ ಬರ್ತಾಳ, ಕರಕೊಂಡು ಹೋಗು."

ಪೀರಪ್ಪ ಗೋಡೆಗುಂಟ ಸರಿದು ಬಾಗಿಲು ದಾಟಿ ಆ ಮಳೆಯಲ್ಲೇ ಹೊರಟ. ಛತ್ರಿ ಮೂಲೆಯಲ್ಲೇ ಉಳಿಯಿತು. ಅದನ್ನು ಒಯ್ಯಲೂ ಅವನು ಆ ಮನೆಗೆ ಮತ್ತೆ ಬರಲಿಲ್ಲ.

ಅವನು ಓಣಿಯ ತಿರುವು ದಾಟುವಷ್ಟರಲ್ಲಿ ಗಿಟಾರ್ ಮತ್ತೆ ಗುಂಯ್ ಅನ್ನಲು ಶುರುಮಾಡಿತು.

ಚಾಚಾ ಬೀಡಿ ಹಚ್ಚಿಕೊಂಡು ಬಾಗಿಲಿನತ್ತ ನೋಡಿದರು. "ಕೈ ತಗದಳು ನೋಡು... ಹುಡುಗ ತೊಯ್ತಾನಂತ ಅವನ ಹಿಂದ ಹೊಂಟಾಳ."