ಉಡಿ ತುಂಬಿಸಿಕೊಂಡ ರಾಣಿ

ಅಂಗೈ ಹುಣ್ಣಿಗೆ ಕನ್ನಡಿಗ ಬೇಕೆ ಅಂತ ಹಿರಿಯರು ಕೇಳಿದ್ದಾರೆ. ಹಾಗೆ ಕೇಳಿಲ್ಲ ಅಂತೀರಾ? ಹಾಗಾದರೆ ಅವರಿಗೆ ರೆಡೊಂಡೊ ಬೀಚಿನಲ್ಲಿ ಮನೆ ಇರಲಿಲ್ಲ, ಅಷ್ಟೇ. ಇಲ್ಲಿ ಯಾರ ಅಂಗೈಯಲ್ಲಿ ಒಂದು ಗುಳ್ಳೆ ಎದ್ದರೂ ನಾಲ್ಕು ಕಾರಿನ ತುಂಬ ಕನ್ನಡಿಗರು ನೋಡಲು ಬರುತ್ತಾರೆ, ಜೊತೆಗೆ ಬಿಸಿಬೇಳೆಬಾತಿನ ಪಾತ್ರೆ. ಈಗ ಹೇಳಹೊರಟಿರುವುದು ನಿಜವಾದ ಕತೆ. ಈ ಮಾತು ನನ್ನ ಬಾಯಿಂದ ಬಂದ ಕೂಡಲೇ ನನ್ನ ಹೆಂಡತಿ ನೀಲಾ ಎದ್ದು ಅಡುಗೆಮನೆಗೆ ಹೋಗುವುದು ವಾಡಿಕೆ. ಈ ಒಂದು ಕತೆಗೆ ಮಾತ್ರ ಅವಳು ಏಳುವುದಿಲ್ಲ.

2019ರ ಕ್ರಿಸ್‌ಮಸ್ ರಜೆ. ಹೊರಗೆ ಮಳೆ. ಲಾಸ್ ಏಂಜಲಿಸ್‌ನವರಿಗೆ ಮಳೆ ಅಂದರೆ ಪ್ರಳಯ. ಎರಡು ಹನಿ ಬಿದ್ದರೆ ಫ್ರೀವೇ ಪೂರ್ತಿ ಪಾರ್ಕಿಂಗ್ ಲಾಟ್. ಸ್ಯಾನ್ ಡಿಯೇಗೋದ ಮೀರಾ ಮೆಸಾ ಬಡಾವಣೆಯ ನಮ್ಮ ಸ್ನೇಹಿತರು ಶಾಮಲಾ ಮತ್ತು ರಾಜೀವ್ ಊರಿಂದ ಬರುವ ರಾಜೀವನ ಅಣ್ಣನನ್ನು ಕರೆತರಲು ಏರ್‌ಪೋರ್ಟಿಗೆ ಹೋಗಿ, ಅಲ್ಲೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಶಾಮಲಾಳ ತಾಯಿ ಅನ್ನಪೂರ್ಣವ್ವನವರನ್ನು ನಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದರು. ನಮ್ಮ ಮಗ ಪ್ರಣವ್ ಮತ್ತವನ ಪಟಾಲಂ ಅವತ್ತು ನಮ್ಮಲ್ಲೇ ಸ್ಲೀಪ್‌ಓವರ್ ಅಂತ ಹಾಸಿಗೆ ಚೀಲ ಹರಡಿಕೊಂಡು ಗದ್ದಲ ಎಬ್ಬಿಸಿದ್ದರು. ಅನ್ನಪೂರ್ಣವ್ವ ಮೂಲೆಯ ಕುರ್ಚಿಯಲ್ಲಿ ಕೂತು ಹಳೇ ಇಳಕಲ್ ಸೀರೆಯೊಂದನ್ನು ಕತ್ತರಿಸಿ ಪುಟ್ಟ ಲಂಗ ಹೊಲಿಯುತ್ತಿದ್ದರು.

"ಯಾರಿಗಮ್ಮಾ ಇದು?" ಅಂದೆ.

"ಮೊಮ್ಮಗಳಿಗಪಾ," ಅಂದರು, ಹಲ್ಲಿನಿಂದ ದಾರ ಕಡಿದು.

ಶಾಮಲಾಗೆ ಮಕ್ಕಳಿಲ್ಲ. ಗದಗಿನಲ್ಲಿ ಮಗನೋ ಇನ್ನೊಬ್ಬ ಮಗಳೋ ಇರಬೇಕು ಅಂದುಕೊಂಡೆ.

ನನಗೊಂದು ಚಾಳಿ. ಎದುರಿಗಿದ್ದವರ ದನಿ ತಾನಾಗಿ ನನ್ನ ಗಂಟಲಿಗೆ ಇಳಿದುಬಿಡುತ್ತೆ. ನಮ್ಮ ಕನ್ನಡ ಸಂಘದ ಅಧ್ಯಕ್ಷರ ಭಾಷಣ, ಕಾರಿನಲ್ಲಿ ದಾರಿ ಹೇಳುವ ಹೆಂಗಸು, ನೀಲಾಳ ಮ್ಯಾನೇಜರ್, ಪಕ್ಕದ ಮನೆಯ ನಾಯಿ, ಎಲ್ಲ ಬರುತ್ತೆ. ಬಾರದ್ದು ಒಂದೇ, ಮಕ್ಕಳ ದನಿ. ಅದಕ್ಕೆ ಕೈ ಹಾಕಿದರೆ ನೆಗಡಿಯಾದ ಬೆಕ್ಕಿನ ಹಾಗೆ ಕೇಳುತ್ತೆ ಅಂತ ನನ್ನ ಮಗನೇ ಸರ್ಟಿಫಿಕೇಟ್ ಕೊಟ್ಟಿದ್ದಾನೆ.

ಆ ಸಂಜೆ ಮಕ್ಕಳು 'ಬ್ಲಡಿ ಮೇರಿ' ಆಡುವ ಹುನ್ನಾರದಲ್ಲಿದ್ದರು. ಇಲ್ಲಿಯ ಮಕ್ಕಳೆಲ್ಲ ಆಡುವ ಆಟ ಅದು. ಬಾತ್‌ರೂಮಿನ ದೀಪ ಆರಿಸಿ, ಕನ್ನಡಿ ಮುಂದೆ ನಿಂತು ಮೂರು ಸಲ ಆ ಹೆಸರು ಕರೆಯಬೇಕು. ಆಮೇಲೆ 'ನಿನ್ನ ಮಗು ನನ್ನ ಹತ್ರ ಇದೆ' ಅಂತ ಕೆಣಕಬೇಕು. ಆಗ ಕನ್ನಡಿಯಲ್ಲಿ ಆ ರಕ್ತದ ಮೇರಿ, ಹಿಂದಿನ ಕಾಲದ ಇಂಗ್ಲೆಂಡಿನ ರಾಣಿ, ಬರುತ್ತಾಳಂತೆ. ನಾನು ಪ್ರಣವನ ಕಿವಿಯಲ್ಲಿ ಉಸುರಿದೆ: "ಅಜ್ಜೀನ ಕನ್ನಡಿ ಮುಂದೆ ಕರ್ಕೊಂಡು ಬನ್ನಿ. ನಾನು ಶವರ್ ಪರದೆ ಹಿಂದೆ ನಿಂತು ರಾಣಿ ಥರ ನಗ್ತೀನಿ."

ಪ್ರಣವನ ಗೆಳತಿ ಹರಿಣಿ ಓಡಿಹೋಗಿ ಅಜ್ಜಿಯ ಸೆರಗು ಜಗ್ಗಿದಳು. "ಅಜ್ಜೀ, ಕಮ್ ಪ್ಲೇ ವಿತ್ ಅಸ್! ಬ್ಲಡಿ ಮೇರಿ!"

ಅನ್ನಪೂರ್ಣವ್ವನವರ ಸೂಜಿ ನಿಂತಿತು.

"ಮೇರಿ ಅಂದ್ರೆ ಮೇರೆ ಮೀರಿದೋಳು ಅಮ್ಮಾ, ಭಾಳ ಡೇಂಜರ್," ಅಂದೆ ನಾನು, ಅವರದೇ ದನಿಯಲ್ಲಿ. ಮಕ್ಕಳು ನಕ್ಕರು. ಅವರು ನಗಲಿಲ್ಲ.

"ಆ ದೀಪಾ ಸಣ್ಣ ಮಾಡು ತಮ್ಮಾ. ಎಲ್ಲಾರೂ ಇಲ್ಲೆ ಕೂಡ್ರಿ. ಯಾರನ್ನ ಕರಿಯಾಕ ಹೊಂಟೀರಿ ನೀವು, ಅಕಿ ಯಾರಂತ ಗೊತ್ತೈತೇನು ನಿಮಗ?"

ದೀಪ ಸಣ್ಣದು ಮಾಡಿದೆ. ಕತೆ ಮುಗಿಯುವ ಹೊತ್ತಿಗೆ ಮೆಲ್ಲಗೆ ಜಾರಿ ಒಳಗೆ ಹೋಗ್ತೀನಿ ಅಂತ ಪ್ರಣವನಿಗೆ ಕಣ್ಸನ್ನೆಯನ್ನೂ ಮಾಡಿದೆ. ಅವರು ಶುರುಮಾಡಿದರು.

"ನಾ ಗದಗಿನಾಗ ಹೆಣ್ಣುಮಕ್ಕಳ ಸಾಲ್ಯಾಗ ಇತಿಹಾಸದ ಅಕ್ಕೋರು ಆಗಿದ್ದಾಕಿ. ಪುಸ್ತಕದಾಗ ಅಕಿ ಬಗ್ಗೆ ಒಂದ ಮಾತು ಇತ್ತು: ಕ್ರೂರಿ. ಅಷ್ಟ. ಆದ್ರ ಕೇಳ್ರಿ… ಅಕಿ ಇಂಗ್ಲೆಂಡಿನ ಅರಸನ ಹಿರೀ ಮಗಳು. ಅಪ್ಪಗ ಗಂಡಮಗಾ ಬೇಕಾಗಿತ್ತು. ಇಂಗ್ಲೆಂಡ್ ಆದರೇನು, ನಮ್ಮ ಇಂಗಳಗಿ ಆದರೇನು, ಎಲ್ಲಾ ಕಡೆ ಇದ್ದದ್ದ ಅಲ್ಲನು? ಅದಕ್ಕಂತ ಕಟಗೊಂಡಾಕೀನ್ನ ಬಿಟ್ಟು ಇನ್ನೊಬ್ಬಾಕೀನ್ನ ತಂದ. ಮಗಳಿಗೆ ಏನಂದ? ನೀ ನನ್ನ ಖರೇ ಮಗಳಲ್ಲ ಅಂದ. ರಾಜಕುಮಾರಿ ಅನಿಸಿಕೊಂಡಾಕೀನ್ನ ಸಣ್ಣ ತಂಗಿ ಮನ್ಯಾಗ ಕೈಕೆಳಗ ಇಟ್ಟ. ಹಡದವ್ವ ಸಾಯೂ ಮುಂದ ಮುಖಾ ಸೈತ ನೋಡಗೊಡಲಿಲ್ಲ…

"ಅಪ್ಪ ಸತ್ತ. ಪಟ್ಟಕ್ಕ ಬಂದ ತಮ್ಮನೂ ಸತ್ತ. ಮಂದಿ ಬ್ಯಾರೇದಾಕೀನ್ನ ತಂದು ಗಾದಿ ಮ್ಯಾಲೆ ಕೂಡಿಸಿದ್ರು. ಇಕಿ ಸುಮ್ಮ ಕುಂತ್ಲೇನು? ದಂಡು ಕೂಡಿಸಿ ಲಂಡನ್ನಿಗೆ ಬಂದು ತನ್ನ ಗಾದಿ ತಾ ತಗೊಂಡ್ಲು. ಕಿರೀಟಾ ಇಟಗೊಂಡು ತನ್ನ ಹಕ್ಕಿಲೆ ಆ ದೇಶಾ ಆಳಿದ ಮೊದಲನೇ ಹೆಣ್ಣುಮಗಳು ಅಕಿ. ಆಳಿದ್ಲು, ತನ್ನ ಧರ್ಮಕ್ಕ ಬರಲಿಲ್ಲಂತ ಮಂದೀನ್ನ ಕಂಬಕ್ಕ ಕಟ್ಟಿ ಸುಡಿಸಿದ್ಲು. ಸುಳ್ಳ್ಯಾಕ ಹೇಳ್ಲಿ, ಸುಡಿಸಿದ್ಲು. ಅವರೂ ತಾಯಂದಿರು ಹಡದ ಮಕ್ಕಳ… ಅದಕ್ಕ ಈ ರಕ್ತದ ಹೆಸರು ಬಿತ್ತು. ಆ ಪಾಪಾ ಅಕೀದು. ಉಳಿದದ್ದು ಯಾರು ಕೇಳತಾರ?

"ಸ್ಪೇನಿನ ರಾಜಕುಮಾರನ್ನ ಮದುವಿ ಆದ್ಲು, ತನಗಿಂತ ಸಣ್ಣಾಂವ. ಅವಂದು ರಾಜಕಾರಣಾ, ಇಕೀದು ಪ್ರೀತಿ. ಹೊಟ್ಟಿ ಬಂತು. ಅರಮನ್ಯಾಗ ಬಾಣಂತಿ ಖೋಲಿ ಸಜ್ಜಾತು, ಚಂದನ್ನ ತೊಟ್ಟಿಲಾ ಬಂತು. ಒಂದಿನ ಊರಾಗ ಸುದ್ದಿ ಎದ್ದಿತು, ರಾಣಿ ಹಡದ್ಲು, ಗಂಡಮಗಾ! ಗಂಟಿ ಬಾರಿಸಿದ್ರು, ಓಣಿ ಓಣ್ಯಾಗ ಬೆಂಕಿ ಹಾಕಿ ಕುಣದ್ರು. ಸುಳ್ಳ. ಹಡದಿರಲಿಲ್ಲ. ಆ ಗಂಟಿ ಸಪ್ಪಳಾ ಒಳಗ ಕುಂತಾಕಿಗೆ ಕೇಳಿತ್ತೋ ಏನೋ… ದಿನಾ ತುಂಬಿದ್ವು, ದಾಟಿದ್ವು. ನೆಲದ ಮ್ಯಾಲೆ ಮೊಣಕಾಲು ಎದಿಗೆ ಅವಚಿಕೊಂಡು ಕುಂತಿರತಿದ್ಲಂತ. ಹೊಟ್ಟಿ ತಾನಾಗೇ ಇಳದುಹೋತು. ಒಳಗ ಕೂಸ ಇರಲಿಲ್ಲ. ಗಂಡ ಹಡಗಾ ಹತ್ತಿದ. ಮುಂದ ಇನ್ನೊಮ್ಮೆ ಹಂಗ ಆತು. ಕಡೀಕ ಸತ್ತಳು, ಗಾದಿ ಆ ತಂಗಿಗೇ ಹೋತು… ಯಾರ ಕೈಕೆಳಗ ಇದ್ದಳೋ ಅಕಿಗೇ.

"ಈಗ ಮೀರಾ ಮೆಸಾಕ್ಕ ಬರ್ರಿ. ಇಡೀ ಸ್ಯಾನ್ ಡಿಯೇಗೋ ಕತ್ತಲಾದ ವರ್ಷಾ. ನೀಲಾ, ನಿಮಗ ನೆನಪೈತಲ್ಲ?"

"2011," ಅಂದಳು ನೀಲಾ, ಪಿಸುದನಿಯಲ್ಲಿ.

"ಹಾಂ. ಶಾಮಲಾನ ಬಾಣಂತನಕ್ಕಂತ ನಾ ಬಂದಿದ್ದೆ. ಬ್ಯಾಗಿನ ತುಂಬ ಅಂಟಿನುಂಡಿ ಸಾಮಾನು, ಕೂಸಿಗೆ ತಲಿ ಮ್ಯಾಲಿಂದ ಬೆನ್ನತನಕಾ ಹೊಚ್ಚೂ ಕುಂಚಿಗಿ. ಗುಳೇದಗುಡ್ಡದ ಖಣಾ, ಅಂಚಿಗೆ ನನ್ನ ಕೈಯಾರೆ ಗೆಜ್ಜಿ ಹಚ್ಚಿದ್ದೆ. ಸೀಮಂತದ ಉಡಿಗೆ ಅಕ್ಕಿ, ಬೆಲ್ಲಾ, ಉತ್ತತ್ತಿ, ಕೊಬ್ಬರಿ ಬಟ್ಟಲಾ ಎಲ್ಲಾ ಡಬ್ಬಿಯೊಳಗ ತಯಾರ ಇತ್ತು. ಸೀಮಂತ ಇನ್ನೇನು ಮಾಡಬೇಕು… ಕೂಸು ಹೊಟ್ಟಿಯೊಳಗ ಸುಮ್ಮಾತು."

ಕತ್ತಲಲ್ಲಿ ಯಾವುದೋ ಮಗು ಮೂಗು ಎಳೆಯಿತು.

"ದವಾಖಾನಿಯಿಂದ ಬಂದಾಕಿ ಮಾತ ಬಿಟ್ಟಳು. ಅಳಲಿಲ್ಲ, ಉಣ್ಣಲಿಲ್ಲ. ಗ್ವಾಡಿಗೆ ಬೆನ್ನ ಹಚ್ಚಿ, ಮೊಣಕಾಲು ಎದಿಗೆ ಅವಚಿಕೊಂಡು ನೆಲದ ಮ್ಯಾಲೆ ಕುಂಡರಾಕಿ. ಅಳಿಯಾ ಮುಂದ ಕುಂತು ಅತ್ತರೂ ಕಣ್ಣ ಹೊರಳಸಲಿಲ್ಲ. ಹಿಂಗ ಆದ್ರ ಮಗಳನ್ನೂ ಕಳಕೋತೀನಿ ಅಂತ ನನಗ ಗೊತ್ತಾಗಿತ್ತು. ಅಲ್ಲಿದ್ದ ನಮ್ಮ ಕಡೆ ಹೆಣ್ಣುಮಕ್ಕಳು ಬಂದ್ರು, ಅನ್ನಾ ಸಾರು ಇಟ್ಟು ಹೋದ್ರು. ಉಡಿ ಯಾರೂ ತುಂಬಲಿಲ್ಲ. ಬರಿದಾದ ಉಡಿ ತುಂಬಬಾರದಂತ… ಯಾರು ಹೇಳಿದ್ರೋ, ಎಲ್ಲಾರಿಗೂ ಗೊತ್ತಿತ್ತು. ನಾನೂ ಆ ಡಬ್ಬಿ ಮುಚ್ಚಳಾ ತಗೀಲಿಲ್ಲ.

"ಆ ದಿನಾ ಕರೆಂಟ ಹೋತು. ರಸ್ತಾದ ಸಿಗ್ನಲ್ ಸೈತ ಇಲ್ಲ, ಕೆಲಸಕ್ಕ ಹೋದ ತಂದಿ ತಾಯಿ ದಾರ್ಯಾಗ ಸಿಕ್ಕೊಂಡು ಮನಿಗೆ ಬರಲಿಲ್ಲ. ಅಪಾರ್ಟ್‌ಮೆಂಟಿನ ಹುಡುಗೂರು ಎಲ್ಲಾ ನಮ್ಮ ಮನ್ಯಾಗ. ಕೆಳಗ ಮಂದಿ ಫ್ರಿಜ್ಜಿನ ಐಸ್‌ಕ್ರೀಮ್ ಕರಗತೈತಂತ ಸಿಕ್ಕಸಿಕ್ಕವರಿಗೆ ಹಂಚಾಕ ಹತ್ತಿದ್ರು. ಜಾತ್ರಿ ಹಂಗ ಇತ್ತು. ನಾ ದೇವರ ಮುಂದ ದೀಪಾ ಹಚ್ಚಾಕ ಹೋದೆ… ಈ ಹುಡುಗೂರು ಕಿಟಕಿ ಇಲ್ಲದ ಬಾತ್‌ರೂಮಿನಾಗ ಸೇರಿ ಅದ ಆಟಾ ಶುರು ಮಾಡಿದ್ವು. ಮೂರ ಸರ್ತಿ ಹೆಸರು. ಆಮ್ಯಾಲೆ, ನಿನ್ನ ಕೂಸು ನನ್ನ ಹತ್ರ ಐತಿ! ಅದರ ಗ್ವಾಡಿಯ ಆಚೆ ಕಡೆ ಯಾರು ಕುಂತಿದ್ರು? ನನ್ನ ಮಗಳು.

"ಎಲ್ಲಾವೂ ಚಿಟ್ಟನೆ ಚೀರಿ ಹೊರಗ ಓಡಿ ಬಂದ್ವು. ನಾ ದೀಪಾ ಹಿಡಕೊಂಡು ಒಳಗ ಹೋದೆ. ಕನ್ನಡಿಯೊಳಗ ನನ್ನ ಮುಖಾ, ನನ್ನ ದೀಪಾ… ನನ್ನ ಹಿಂದ ಒಬ್ಬಾಕಿ. ನೆಲದ ಮ್ಯಾಲೆ, ಮೊಣಕಾಲು ಎದಿಗೆ ಅವಚಿಕೊಂಡು. ಶಾಮಲಾ ಅಂತ ತಿರುಗಿ ನೋಡಿದೆ. ಯಾರೂ ಇಲ್ಲ. ಮತ್ತ ಕನ್ನಡಿ ನೋಡಿದೆ. ಎದ್ದು ನಿಂತಿದ್ಲು. ಸುಣ್ಣದಂಥಾ ಮುಖಾ, ಎರಡೂ ಕೈ ಹೊಟ್ಟಿ ಮ್ಯಾಲೆ. ಹೆದರಿಕಿ ಆಗಲಿಲ್ಲೇನು ಅಂತೀರಿ? ಹೆಂಗ ಹೆದರ್ಲಿ… ಆ ಮುಖಾ ನಾ ದಿನಾ ಮುಂಜಾನೆ ನೋಡತಿದ್ದೆ.

"ಅಷ್ಟರಾಗ ಬಾಗಲದಾಗ ಶಾಮಲಾ. ತಾನಾಗೇ ಎದ್ದು ಬಂದಿದ್ಲು. ಕನ್ನಡಿ ಕಡೆ ನೋಡಿದ್ಲು, ಭಾಳೊತ್ತು ನೋಡಿದ್ಲು… ಆಮ್ಯಾಲೆ ಬಾಯಿ ಬಿಟ್ಟಳು. ಅವ್ವಾ, ಅಕೀನ್ನ ಬರೀ ಉಡೀಲೆ ಕಳಸಬ್ಯಾಡ, ಅಂದ್ಲು.

"ಡಬ್ಬಿ ತಂದೆ. ಮ್ಯಾಲೆ ಕುಂಚಿಗಿ ಇಟ್ಟೆ. ಆದ್ರ ಕನ್ನಡಿಯೊಳಗಿನಾಕಿಗೆ ಉಡಿ ಹೆಂಗ ತುಂಬೂದು? ಗಾಜು ತಣ್ಣಗ ಕೈಗೆ ಹತ್ತತೈತಿ… ಶಾಮಲಾ ಕನ್ನಡಿ ಮುಂದ ಬಂದು ನಿಂತ್ಲು. ಬಸುರಿ ಹೊಟ್ಟಿಗಂತ ತಂದ ಸಡ್ಲ ಅಂಗಿ ಇನ್ನೂ ಹಾಕ್ಕೊಂಡಿದ್ಲು, ಅದರ ಅಂಚು ಎರಡೂ ಕೈಲೆ ಹಿಡಿದು ಮುಂದ ಚಾಚಿದ್ಲು. ತುಂಬವ್ವಾ, ಅಂದ್ಲು. ತುಂಬಿದೆ. ಅಕ್ಕಿ ಇತ್ತಾಗ ಬೀಳತಿತ್ತು, ಅತ್ತಾಗ ಅಕಿ ಉಡಿಯೊಳಗೂ ಬೀಳತಿತ್ತು. ಕುಂಚಿಗಿ ಹಾಕಿದೆ. ಅಕಿ ಅದನ್ನ ಎತ್ತಿಕೊಂಡ್ಲು… ಬರೀ ಅರಿವಿ ಎತ್ತೂ ಹಂಗಲ್ಲ ನೋಡ್ರಿ. ತಲಿ ಕೆಳಗ ಒಂದು ಕೈ ಕೊಟ್ಟು, ಎದಿಗೆ ಹಚ್ಚಿಕೊಂಡು. ಗೆಜ್ಜಿ ಸಪ್ಪಳಾ ಆತು. ಶಾಮಲಾ ಅಲ್ಲೇ ಕುಸದು ಕುಂತು, ಎದಿ ಒಡದು ಅತ್ತಳು. ಅವತ್ತ ನನ್ನ ಮಗಳು ನನಗ ತಿರುಗಿ ಬಂದ್ಲು.

"ಕರೆಂಟ ಬಂದ ಮ್ಯಾಲೆ ನೋಡಿದ್ರ ಅಂಗಿ ತುಂಬ ಅಕ್ಕಿ ಇತ್ತು, ಬೆಲ್ಲಾ ಇತ್ತು. ಕುಂಚಿಗಿ ಇರಲಿಲ್ಲ. ಹುಡುಕಿದ್ವಿ, ಎಲ್ಲಾ ಹುಡುಕಿದ್ವಿ… ಆವಾಗಿಂದ ವರ್ಷಾ ಸಂಕ್ರಾಂತಿಗೆ ಶಾಮಲಾ ಆ ಕನ್ನಡಿ ಮುಂದ ನಿಲ್ಲತಾಳ. ನಾ ಉಡಿ ತುಂಬತೀನಿ, ಮ್ಯಾಲೊಂದು ಹೊಸಾ ಅರಿವಿ ಇಡತೀನಿ. ಮೊದಲ ಝಬಲಾ, ಆಮ್ಯಾಲೆ ಅಂಗಿ, ಈಗ ಈ ಪರಕಾರ. ಮುಂಜಾನೆ ನೋಡಿದ್ರ ಇರೂದುಲ್ಲ. ಒಂದ ಸರ್ತಿ ಮಾತ್ರ ಅಲ್ಲೇ ಇತ್ತು. ಅಳತಿ ಸಣ್ಣದು ಮಾಡಿದ್ದೆ… ಬಗಲಾಗ ಹೊಲಿಗಿ ಬಿಚ್ಚಿತ್ತು."

ಕೈಯಲ್ಲಿದ್ದ ಲಂಗವನ್ನು ಎತ್ತಿ ಹರಿಣಿಯ ಸೊಂಟಕ್ಕೆ ಹಿಡಿದು ನೋಡಿದರು. "ನಿನಗಿಂತ ಸ್ವಲ್ಪ ಗಿಡ್ಡ ಇರತಾಳ," ಅಂದರು.

"ಆಟಾ ಆಡ್ರಿ ಮಕ್ಕಳ್ರಾ, ಬ್ಯಾಡನ್ನೂದುಲ್ಲ. ಆದ್ರ ನಿನ್ನ ಕೂಸು ನನ್ನ ಹತ್ರ ಐತಿ ಅಂತ ಮಾತ್ರ ಅನಬ್ಯಾಡ್ರಿ. ಅದು ಸುಳ್ಳ. ಕೂಸು ಅಕಿ ಹತ್ರನ ಐತಿ."

ಮಳೆ ಹೊಡೆಯುತ್ತಿತ್ತು. ನಾನು ಈ ಹೊತ್ತಿಗೆ ಶವರ್ ಪರದೆಯ ಹಿಂದೆ ಇರಬೇಕಿತ್ತು. ಪ್ರಣವ್ ನನ್ನ ಬೆನ್ನಿಗೆ ಎರಡು ಸಲ ತಿವಿದ. ನಾನು ಏಳಲಿಲ್ಲ. ನೀಲಾ ನನ್ನ ಕೈ ಹಿಡಿದುಕೊಂಡಿದ್ದಳು.

ಆಗ ಬಾತ್‌ರೂಮಿನ ಕಡೆಯಿಂದ ನಗು ಕೇಳಿತು.

ಕಚಗುಳಿ ಇಟ್ಟಾಗ ಹೊರಬರುತ್ತಲ್ಲ, ಅಂಥ ನಗು. ಕಿಲಕಿಲ ಅಂತ ಶುರುವಾಗಿ, ಉಸಿರು ಸಿಗದೆ ತುಂಡಾಗಿ, ಮತ್ತೆ ಶುರುವಾಯಿತು. ಅದರ ಹಿಂದೆಯೇ ಸಣ್ಣಗೆ ಗೆಜ್ಜೆ.

ಮಕ್ಕಳೆಲ್ಲ ಒಟ್ಟಿಗೆ ಕಿರುಚಿ ನನ್ನ ಮೇಲೆ ಬಿದ್ದರು. "ಅಪ್ಪಾ! ಓ ಮೈ ಗಾಡ್, ಯೂ ಗಾಟ್ ಅಸ್!" ಅಂತ ಪ್ರಣವ್ ಗುದ್ದಿದ. ಬೆಸ್ಟ್ ವಾಯ್ಸ್ ಎವರ್ ಅಂದಳು ಹರಿಣಿ. ನೀಲಾ "ಥೂ ನಿಮ್ಮ!" ಅಂತ ದಿಂಬು ಎಸೆದು, ಅಳುತ್ತಲೇ ನಗತೊಡಗಿದಳು. ಎಲ್ಲರೂ ನಕ್ಕರು. ಮಕ್ಕಳೆಲ್ಲ ನನ್ನ ಮೈಮೇಲೆಯೇ ಇದ್ದರು, ಒಬ್ಬರೂ ಕಡಿಮೆ ಇರಲಿಲ್ಲ. ನಾನು ಬಾಯಿ ತೆರೆದಿರಲಿಲ್ಲ.

ಯಾರಿಗೆ ಅಂತ ಈ ಚೇಷ್ಟೆ ಹೂಡಿದ್ದೆನೋ ಆ ಅನ್ನಪೂರ್ಣವ್ವ ಹೊಲಿಯುತ್ತಿದ್ದ ಲಂಗವನ್ನು ಎದೆಗೆ ಅವಚಿಕೊಂಡಿದ್ದರು. "ಮಸ್ತ ಮಾಡಿದಿ ತಮ್ಮಾ, ಭಾಳ ಮಸ್ತ ಮಾಡಿದಿ," ಅಂದರು. ಕಣ್ಣಿಂದ ನೀರು ಇಳಿಯುತ್ತಿತ್ತು. ನನ್ನ ಕಡೆ ನೋಡುತ್ತಿರಲಿಲ್ಲ. ಮುಖ ಬಾತ್‌ರೂಮಿನ ಬಾಗಿಲ ಕಡೆ ತಿರುಗಿತ್ತು. ಮೊಮ್ಮಕ್ಕಳ ಆಟಕ್ಕೆ ಅಜ್ಜಿಯರು ನಗುತ್ತಾರಲ್ಲ, ಹಾಗೆ, ನಮ್ಮೆಲ್ಲರಿಗಿಂತ ಜೋರಾಗಿ ನಗುತ್ತಿದ್ದರು.