ಎಡಗಡೆಯ ತೊಟ್ಟಿಯ ಮೀನುಗಳು ಸತ್ತ ಬಗ್ಗೆ

ಹೇಳಿಕೆ ಕೊಡುವವನು: ಪೇಟೆಯಲ್ಲಿ ಎಲ್ಲರೂ ಮೋಟಾರ್ ಮಾವ ಎನ್ನುವವನು. ವಯಸ್ಸು 69. ಕಸುಬು ನೀರಿನ ಪಂಪು, ಮೋಟಾರು ರಿಪೇರಿ. ಓದಿದ್ದು ಐದನೇ ಕ್ಲಾಸು. ವಾಸ ಹೊಳೆ ಸೇತುವೆಯ ಪಕ್ಕದ ಓಣಿ, ಅಂಗಡಿಯ ಮೇಲಿನ ಮನೆ.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಮ್ಯಾನೇಜರು ನನ್ನ ಮೇಲೆ ಕೊಟ್ಟ ದೂರಿಗೆ ನಾನು ಬರೆಸುವುದೇನೆಂದರೆ, ಮೀನು ಸಾಯಿಸಿದ್ದು ನಾನೇ. ಯಾರೂ ಹೇಳಿಕೊಟ್ಟಿಲ್ಲ. ಇಷ್ಟಕ್ಕೇ ಪೆನ್ನು ಮುಚ್ಚಬೇಡಿ, ಮುಂದಿನದನ್ನೂ ಬರೆದುಕೊಳ್ಳಿ.

ನನ್ನ ತಂಗಿಯ ಮಗಳು ನಮ್ಮ ಮನೆಯಲ್ಲೇ ಬೆಳೆದವಳು. ಸಂಶೋಧನಾ ಕೇಂದ್ರದಲ್ಲಿ ಕೆಲಸ. ಹೊಳೆಯ ಕಲ್ಲುಗಳ ಅಡಿಯಲ್ಲಿ ಬದುಕುವ ಹುಳ, ಬಸವನಹುಳು, ಮೀನುಮರಿ ವರ್ಷದಿಂದ ವರ್ಷಕ್ಕೆ ಯಾಕೆ ಕಡಿಮೆಯಾಗುತ್ತಿವೆ ಎಂದು ಆರು ವರ್ಷದಿಂದ ನೋಡುತ್ತಿದ್ದಳು. ಹೋದ ಬೇಸಿಗೆಯಲ್ಲಿ ಮೀನುಮರಿಗಳನ್ನು ಬಲೆಯ ಪಂಜರಗಳಿಗೆ ಹಾಕಿ, ಒಂದನ್ನು ಕಾರ್ಖಾನೆಯ ಬಳಸಿದ ನೀರು ಹೊಳೆಗೆ ಬೀಳುವ ಕೊಳವೆಗಿಂತ ಮೇಲೆ, ಇನ್ನೊಂದನ್ನು ಕೆಳಗೆ ಹೊಳೆಯಲ್ಲಿ ಇಳಿಬಿಟ್ಟಳು. ಒಂದು ಸಾಲದೇ ಎಂದು ನಾನು ಕೇಳಿದ್ದಕ್ಕೆ, "ಹೋಲಿಸೋಕೆ ಇನ್ನೊಂದು ಇರಲೇಬೇಕು ಮಾವ. ಇಲ್ಲಾಂದ್ರೆ ನೆಪ ಹೇಳೋರ ಬಾಯಿ ಕಟ್ಟೋಕಾಗಲ್ಲ" ಎಂದಳು. ಕೆಳಗಿನ ಪಂಜರದ ಮರಿಗಳು ಎರಡನೇ ಬೆಳಗ್ಗೆ ಹೊಟ್ಟೆ ಮೇಲಾಗಿ ತೇಲಿದವು. ಮೇಲಿನವು ಬದುಕಿದ್ದವು. ಅವಳು ಹಾಗೇ ವರದಿ ಬರೆದಳು.

ಆಮೇಲೆ ಊರಿನ ಸಭೆಯಲ್ಲಿ ಮ್ಯಾನೇಜರು ಎದ್ದು, ಈ ಹುಡುಗಿಯೇ ಪಂಜರಕ್ಕೆ ಬ್ಲೀಚಿಂಗ್ ಪುಡಿ ಹಾಕಿ ಕೊಂದಿದ್ದಾಳೆ, ನಮ್ಮ ಕೊಳವೆಯ ನೀರಲ್ಲಿ ಬೇಕಾದರೆ ಮೀನು ಸಾಕಬಹುದು ಎಂದರು. ಜನ ನಕ್ಕರು. ಸಂಶೋಧನಾ ಕೇಂದ್ರಕ್ಕೂ ಹೀಗೇ ದೂರು ಕೊಟ್ಟರು. ಕೇಂದ್ರದವರು ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದು ಅವಳ ಕೋಣೆಗೆ ಬೀಗ ಹಾಕಿದರು. ನಾಲ್ಕು ತಿಂಗಳಾಯಿತು, ಯಾರೂ ಏನೂ ವಿಚಾರಿಸಿಲ್ಲ. ನೀರು ಪರೀಕ್ಷೆ ಮಾಡಿ ಎಂದು ಅವಳು ಕಚೇರಿ ಕಚೇರಿ ಅಲೆದಳು. ಒಬ್ಬರೂ ಒಂದು ಬಾಟಲಿ ನೀರು ಮೊಗೆಯಲಿಲ್ಲ. ಈಗ ಹೊಳೆಗಿಳಿಯುವ ಗಂಬೂಟು ತೊಳೆದು ಅಟ್ಟಕ್ಕೆ ಹಾಕಿದ್ದಾಳೆ. ಊಟದ ತಟ್ಟೆಯ ಮುಂದೆ ಕೂರುತ್ತಾಳೆ, ಉಣ್ಣದೆ ಕೈ ತೊಳೆದು ಏಳುತ್ತಾಳೆ.

ನಿನ್ನೆ ಕಾರ್ಖಾನೆಯಿಂದ ನನಗೆ ಫೋನು ಬಂತು. ಅವರ ಮುಂದಿನ ಹಾಲಿನಲ್ಲಿ ಬಾಗಿಲಿನ ಎಡಕ್ಕೊಂದು ಬಲಕ್ಕೊಂದು ಗಾಜಿನ ಮೀನಿನ ತೊಟ್ಟಿ ಇವೆ. ಎರಡರ ಪಂಪೂ ಕೆಟ್ಟಿದೆ, ನಾಳೆ ದೊಡ್ಡ ಗಿರಾಕಿಗಳು ಬರುತ್ತಾರೆ, ಪಂಪು ಸರಿಮಾಡಿ ನೀರು ಬದಲಿಸಿ ಕೊಡಬೇಕು ಎಂದರು. ನಾನು ಯಾರ ಮಾವ ಎಂದು ಅವರಿಗೆ ಗೊತ್ತಿರಲಿಲ್ಲ. ರಿಪೇರಿಯವನ ಮನೆಯಲ್ಲಿ ಯಾರಿದ್ದಾರೆ ಎಂದು ಯಾರು ಕೇಳುತ್ತಾರೆ.

ಇವತ್ತು ಬೆಳಗ್ಗೆ ಎಂಟಕ್ಕೆ ಹೊಳೆಗೆ ಹೋಗಿ, ಕೊಳವೆಗಿಂತ ಮೇಲಿನ ನೀರನ್ನು ಬಿಳಿ ಕ್ಯಾನುಗಳಿಗೂ, ಕೊಳವೆಯ ಬಾಯಿಂದ ಬೀಳುವ ನೀರನ್ನು ನೀಲಿ ಕ್ಯಾನುಗಳಿಗೂ ಹಿಡಿದೆ. ಕಣ್ಣಿಗೆ ಎರಡೂ ತಿಳಿಯೇ. ಗೇಟಿನ ಕಾವಲುಗಾರ, "ಏನಜ್ಜ, ನೀರನ್ನೂ ಮನೆಯಿಂದಲೇ ತಂದ್ಯಾ" ಎಂದ. "ನಿಮ್ ಸಾಹೇಬ್ರ ಮೀನಿಗೆ ನಲ್ಲಿ ನೀರು ಒಗ್ಗಲ್ವಂತೆ ಕಣಪ್ಪ" ಎಂದೆ. ಅದು ಸುಳ್ಳು. ಅದನ್ನೂ ಬರೆದುಕೊಳ್ಳಿ.

ಪಂಪು ಎರಡನ್ನೂ ಸರಿಮಾಡಿದೆ. ಕಸುಬಿನಲ್ಲಿ ಮೋಸ ಮಾಡಿಲ್ಲ. ಎರಡೂ ತೊಟ್ಟಿಯಿಂದ ಒಂದೇ ಅಳತೆ ನೀರು ತೆಗೆದು, ಬಲಗಡೆಗೆ ಬಿಳಿ ಕ್ಯಾನಿನದು, ಎಡಗಡೆಗೆ ನೀಲಿ ಕ್ಯಾನಿನದು ತುಂಬಿದೆ. ಎಡಗಡೆಯ ಮೀನುಗಳು ಮ್ಯಾನೇಜರು ಮುದ್ದಿನಿಂದ ಸಾಕಿದವು. ಅವುಗಳಲ್ಲಿ ಒಂದು ದಪ್ಪ ಕೆಂಪು ಮೀನಿಗೆ ಅಲ್ಲಿಯ ಕೆಲಸದವರು ಛೇರ್ಮನ್ ಎನ್ನುತ್ತಾರೆ. ಹತ್ತೂವರೆಗೆ ಗಿರಾಕಿಗಳು ಬಂದರು. ನಾನು ಮೂಲೆಯಲ್ಲಿ ವೈರು ಸುತ್ತುತ್ತಾ ಕೂತೆ. ಅವರು ಕಾಫಿ ಕುಡಿಯುತ್ತಿರುವಾಗ ಛೇರ್ಮನ್ ಮಗುಚಿಕೊಂಡಿತು. ಗಿರಾಕಿಗಳಲ್ಲಿ ಒಬ್ಬ ಹೆಂಗಸು ಕಪ್ಪನ್ನು ಕೆಳಗಿಟ್ಟರು. ಹನ್ನೊಂದೂವರೆಗೆ ಎಡಗಡೆ ಒಂದೂ ಉಳಿದಿರಲಿಲ್ಲ. ಬಲಗಡೆಯವು ಆಡಿಕೊಂಡಿದ್ದವು. ಮೀನುಗಳ ಮೇಲೆ ನನಗೆ ಸಿಟ್ಟಿರಲಿಲ್ಲ. ಅವು ಬಾಯಿ ಬಿಡುತ್ತಾ ಮೇಲೆ ಬಂದಾಗ ನಾನು ಮುಖ ತಿರುಗಿಸಲಿಲ್ಲ.

ಮ್ಯಾನೇಜರು ನನ್ನ ಕಾಲರು ಹಿಡಿದು, "ಏನು ವಿಷ ಹಾಕ್ದೆ ಹೇಳೋ ಮುದುಕ" ಎಂದರು. "ನಿಮ್ ಕೊಳವೆ ನೀರೇ ಸ್ವಾಮಿ. ಮೀನು ಸಾಕಬಹುದು ಅಂದಿದ್ರಲ್ಲ" ಎಂದು ಗಿರಾಕಿಗಳಿಗೂ ಕೇಳುವ ಹಾಗೆ ಹೇಳಿದೆ. ಮ್ಯಾನೇಜರು ಸಿಟ್ಟಿನ ಭರದಲ್ಲಿ ಠಾಣೆಗೆ ಫೋನು ಮಾಡಿ, ಮೀನಿಗೆ ವಿಷ ಹಾಕಿದ್ದಾನೆ ಎಂದು ದೂರು ಕೊಟ್ಟರು. ಪೇದೆಯವರು ಬಂದು ಎರಡೂ ತೊಟ್ಟಿಯ ನೀರು, ಕ್ಯಾನುಗಳಲ್ಲಿ ಉಳಿದ ನೀರು ಎಲ್ಲವನ್ನೂ ಬಾಟಲಿಗಳಿಗೆ ತುಂಬಿ ಸೀಲು ಹಾಕಿದರು. ವಿಷದ ಕೇಸು, ಪ್ರಯೋಗಾಲಯಕ್ಕೆ ಕಳಿಸಲೇಬೇಕು ಎಂದರು. ಮ್ಯಾನೇಜರು ಅಲ್ಲೇ ಕುರ್ಚಿ ಹುಡುಕಿ ಕೂತರು.

ಮಧ್ಯಾಹ್ನ ಮೂರಕ್ಕೆ ಅವರು ಠಾಣೆಗೆ ಬಂದು ಈ ಬೆಂಚಿನಲ್ಲಿ ನನ್ನ ಪಕ್ಕ ಕೂತು, "ಯಜಮಾನ್ರೇ, ನಿಮಗೂ ವಯಸ್ಸಾಗಿದೆ. ದೂರು ವಾಪಸ್ ತಗೋತೀನಿ, ಮನೆಗೆ ಹೋಗಿ ಮಲಗಿ" ಎಂದರು. ಬೆಳಗ್ಗೆ ಮುದುಕನಾಗಿದ್ದೆ, ಮಧ್ಯಾಹ್ನಕ್ಕೆ ಯಜಮಾನನಾದೆ. ಆಗುವುದಿಲ್ಲ ಎಂದೆ.

ನಾಲ್ಕಕ್ಕೆ ತಂಗಿಯ ಮಗಳು ಓಡಿಬಂದಳು. "ಆ ಮೀನುಗಳು ನಿನಗೇನು ಮಾಡಿದ್ವು ಮಾವ" ಎಂದು ಅತ್ತಳು. ಕಣ್ಣೊರೆಸಿಕೊಂಡು ಮೇಜಿನ ಮೇಲಿನ ಬಾಟಲಿಗಳನ್ನು ನೋಡಿದಳು. ಬಿಸಿಲಿಗೆ ಇಡಬೇಡಿ, ಐಸಿನಲ್ಲಿಡಿ ಎಂದು ಪೇದೆಯವರಿಗೆ ಹೇಳಿದಳು. ಅವರು ಐಸು ತರಿಸಿದರು.

ಆದ್ದರಿಂದ ರಾಜಿಗೆ ನನ್ನ ಒಪ್ಪಿಗೆ ಇಲ್ಲ. ಕೊಂದಿದ್ದೇನೆ, ಶಿಕ್ಷೆ ಕೊಡಿ. ಯಾವ ವಿಷದಿಂದ ಕೊಂದೆ, ಆ ವಿಷ ಯಾರದು ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಬೇಕು. ನನಗೆ ಜಾಮೀನು ಬೇಡ. ಪರೀಕ್ಷೆಯ ಫಲಿತಾಂಶ ಕೋರ್ಟಿನಲ್ಲಿ ಓದುವ ದಿನ ಮ್ಯಾನೇಜರು ತಪ್ಪಿಸಿಕೊಳ್ಳದಂತೆ ಸಮನ್ಸ್ ಕೊಟ್ಟು ಕರೆಸಿ, ನನಗೆ ಅವರ ಮುಖ ಕಾಣುವ ಕಡೆ ನಿಲ್ಲಿಸಬೇಕು.

ಬರೆದದ್ದನ್ನು ಗಟ್ಟಿಯಾಗಿ ಓದಿಸಿಕೊಂಡು ಕೇಳಿದ್ದೇನೆ. ಎಲ್ಲವೂ ನಿಜ, ಯಾವುದನ್ನೂ ಹೆದರಿ ಬಿಟ್ಟಿಲ್ಲ.

ಸ್ಥಳ: ಸೇತುವೆ ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳ 14, ಸಂಜೆ 5.20
ಸಹಿ: ಮೋಟಾರ್ ಮಾವ