ಮೊದಲ ಹಿಮ ನಿಲ್ಲೋದಿಲ್ಲ

ಬಾಗಿಲು ಹಾಕಿ, ಸೌನಾದ, ಈ ಬೆವರುಮನೆಯ ಬಿಸಿಯೆಲ್ಲ ಹೊರಗೆ ಹೋಗ್ತಿದೆ. ಭಯ ಆಗುತ್ತೆ ಅನ್ನೋರು ಈಗಲೇ ಎದ್ದು ಮನೆಯೊಳಗೆ ಹೋಗಿಬಿಡಿ. ಆಮೇಲೆ ಅಂಗಳ ದಾಟೋಕೆ ಜೊತೆಗೆ ಬಾ ಅಂತ ನನ್ನ ಕರೀಬೇಡಿ.

ಇದು ಎಲ್ಲೋ ಯಾರೋ ಹೇಳಿದ ಕತೆಯಲ್ಲ. ನನ್ನ ಚಿಕ್ಕಪ್ಪನ ಮಗಳು ಐರಿಗೆ ಆದದ್ದು. ಇದೇ ರಸ್ತೆಯಲ್ಲಿ, ಸರೋವರದ ಪಕ್ಕದ ಇಳಿಜಾರಿನಲ್ಲಿ. ಇದನ್ನು ಹೇಳುವಾಗ ನನಗೆ ಭಯ ಆಗುವುದಿಲ್ಲ, ಮೈ ಉರಿಯುತ್ತದೆ. ಯಾಕೆ ಅಂತ ನಿಮಗೇ ಗೊತ್ತಾಗುತ್ತೆ.

ಅಕ್ಟೋಬರಿನ ಕೊನೆ. ಶಾಲೆಯ ರಜೆ ಮುಗಿಯುವ ಭಾನುವಾರ. ಮಧ್ಯಾಹ್ನದಿಂದ ಆ ವರ್ಷದ ಮೊದಲ ಹಿಮ ಬೀಳುತ್ತಿತ್ತು. ಐರಿ ತನ್ನ ಕಾರನ್ನು ಮೆಕ್ಯಾನಿಕ್ ಇಲ್ಪೊನ ಶೆಡ್ಡಿನಲ್ಲಿ ಬಿಟ್ಟಿದ್ದಳು, ಹಿಮದಲ್ಲಿ ಜಾರದ ಚಳಿಗಾಲದ ಮೊಳೆ ಟೈರು ಹಾಕಿಸಲಿಕ್ಕೆ. ಅಲ್ಲಿ ಆಗಲೇ ಸರತಿ ಇತ್ತು. "ನಾಳೆ ಬಂದು ತಗೊಂಡು ಹೋಗಮ್ಮ, ಇವತ್ತು ಊರಿಗೆ ಊರೇ ಇಲ್ಲಿ ನಿಂತಿದೆ" ಅಂದ ಇಲ್ಪೊ. ಸರಿ, ನಡೆದೇ ಹೊರಟಳು. ಆ ಹೊತ್ತಿಗೆ ಕತ್ತಲಾಗಿತ್ತು.

ದಾರಿಯಲ್ಲಿ ಆ ಪೈನ್ ಮರ ಇದೆಯಲ್ಲ, ಶಿಲುಬೆ ಕೆತ್ತಿದ್ದು. ನಮ್ಮ ಸಾವೊ ಸೀಮೆಯ ಈ ಪದ್ಧತಿ ಕಂಡರೆ ಉಳಿದ ಫಿನ್‌ಲ್ಯಾಂಡಿನವರಿಗೆ ನಗು. ನಗಲಿ ಬಿಡಿ. ಹೆಣವನ್ನು ಚರ್ಚಿನ ಸ್ಮಶಾನಕ್ಕೆ ಒಯ್ಯುವಾಗ ಆ ಮರದ ಹತ್ತಿರ ನಿಲ್ಲುತ್ತೇವೆ. ಒಂದು ಕೊಂಬೆ ಕಡಿದು, ಕಾಂಡದಲ್ಲಿ ಶಿಲುಬೆ ಕೆತ್ತಿ, ಹೆಸರಿನ ಅಕ್ಷರ, ವರ್ಷ ಕೆತ್ತುತ್ತೇವೆ. ಸತ್ತವರಿಗೆ ಮರೆವು ಜಾಸ್ತಿ. ರಾತ್ರಿ ಎದ್ದು ಮನೆಗೆ ಹೊರಡುತ್ತಾರೆ. ಮರದ ಹತ್ತಿರ ಬಂದು ಶಿಲುಬೆ ನೋಡಿದಾಗ, 'ಅಯ್ಯೋ, ನಾನು ಸತ್ತಿದ್ದೇನಲ್ಲ' ಅಂತ ನೆನಪಾಗಿ ತಿರುಗಿ ಹೋಗುತ್ತಾರೆ. ಅದಕ್ಕೇ ಶಿಲುಬೆಯನ್ನು ಚರ್ಚಿನ ಕಡೆಗೆ ಮುಖ ಮಾಡಿ ಕೆತ್ತಬೇಕು. ಅವರು ಬರುವುದು ಆ ಕಡೆಯಿಂದ ತಾನೆ?

ಐರಿಯ ಅಕ್ಕ ಸೇಯಾಳ ಶಿಲುಬೆ ಮಾತ್ರ ಆ ಕಡೆಗಿಲ್ಲ. ಅದನ್ನು ಕೆತ್ತಿದ್ದು ಅವಳ ಗಂಡ ತಾರ್ಮೊ, ಕುವೋಪಿಯೊ ಪಟ್ಟಣದವನು. ಮನೆ ಕಡೆಯಿಂದ ಕಾರಿನಲ್ಲಿ ಬರುವವರಿಗೆ ಚೆನ್ನಾಗಿ ಕಾಣಲಿ ಅಂತ ಮನೆ ಕಡೆಗೇ ಕೆತ್ತಿದ. ಎಲ್ಲರೂ ಮುಖ ಮುಖ ನೋಡಿಕೊಂಡರು. ಗಂಡ ಅಳುತ್ತಾ ಕೆತ್ತುತ್ತಿದ್ದಾನೆ, ಏನಂತ ಹೇಳುವುದು? ಐರಿ ಹೇಳಬಹುದಿತ್ತು. ಬಾಯಿ ಬಿಡಲಿಲ್ಲ. ಬರಲಿ ಅಕ್ಕ... ಬಂದು ಕೇಳಲಿ ಅಂತ ಹಲ್ಲು ಕಚ್ಚಿಕೊಂಡು ನಿಂತಿದ್ದಳು.

ಕೇಳುವುದೇನು ಅಂದರೆ, ಹಿಂದಿನ ವರ್ಷ, ಇಂಥದೇ ಮೊದಲ ಹಿಮದಲ್ಲಿ, ತಾರ್ಮೊ ಬೇಸಿಗೆ ಟೈರಿನಲ್ಲೇ ಸೇಯಾಳನ್ನು ಕೂರಿಸಿಕೊಂಡು ಹೋದ. ಕಾರು ಜಾರಿ ಬಂಡೆಗೆ ಹೊಡೆಯಿತು. ಸೇಯಾ ಅಲ್ಲೇ ಹೋದಳು. ಅವನಿಗೆ ಹಣೆಯ ಮೇಲೆ ಒಂದು ಗೀರು. ಎಲ್ಕ್ ಅಡ್ಡ ಬಂತು, ಕುದುರೆಯಷ್ಟು ಎತ್ತರದ ಗಂಡು ಕಾಡುಜಿಂಕೆ, ಅದನ್ನು ತಪ್ಪಿಸಲು ಹೋದೆ ಅಂದ. ಊರೆಲ್ಲ ನಂಬಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನೆಲವನ್ನೂ ಬಿಟ್ಟು ಕಾಡಿನ ಪ್ರಾಣಿಯ ತಲೆಗೆ ಕಟ್ಟಿದ. ಐರಿ ಒಬ್ಬಳು ನಂಬಲಿಲ್ಲ. ಆದರೆ ಅವಳ ಕೈಯಲ್ಲಿ ಪುರಾವೆ ಏನಿತ್ತು? ಏನೂ ಇಲ್ಲ.

ಆ ಸಂಜೆ ಮರದ ಹತ್ತಿರ ಬಂದಾಗ ಹಿಂದಿನಿಂದ ಸದ್ದು ಕೇಳಿತು.

ಕರಕ್... ಕರಕ್... ಕರಕ್...

ಹಿಮದ ಮೇಲೆ ಕಾಲಿಡುವ ಸದ್ದು. ಚರ್ಚಿನ ಕಡೆಯಿಂದ. ಅದರ ಜೊತೆಗೆ ಇನ್ನೊಂದು, ಸರ್... ಸರ್... ನೈಲಾನ್ ಜಾಕೆಟ್ಟಿನ ತೋಳು ಮೈಗೆ ಉಜ್ಜುವ ಸದ್ದು. ಐರಿ ತಿರುಗಿದಳು. ರಸ್ತೆ ಖಾಲಿ. ಸದ್ದು ಮಾತ್ರ ಬರುತ್ತಲೇ ಇತ್ತು. ಮರದ ಬುಡಕ್ಕೆ ಬಂದಾಗ ಈಗ ನಿಲ್ಲುತ್ತೆ, ನಿಲ್ಲಲೇಬೇಕು ಅಂದುಕೊಂಡಳು.

ನಿಲ್ಲಲಿಲ್ಲ. ರಸ್ತೆಯ ಆಚೆ ಅಂಚಿನಲ್ಲಿ ಅವಳನ್ನು ದಾಟಿ, ಮನೆ ಕಡೆಗೆ ಏರಿತು.

"ಅಕ್ಕಾ?" ಅಂದಳು ಐರಿ, ಉಸಿರಿನಲ್ಲೇ.

ಸದ್ದು ನಿಂತಿತು. ಒಂದು ಕ್ಷಣ... ಮತ್ತೆ ಕರಕ್... ಕರಕ್...

ಐರಿಗೆ ಒಂದು ವರ್ಷದ ಸಿಟ್ಟು ಎದ್ದು ಬಂತು. ಸರಸರ ಹೆಜ್ಜೆ ಹಾಕಿದಳು. ಮನೆಯಂಗಳದಲ್ಲಿ ತಾರ್ಮೊನ ಕಾರು ನಿಂತಿತ್ತು.

ಮಗಳನ್ನು ಕರೆದೊಯ್ಯಲು ಬಂದಿದ್ದ. ಸೇಯಾಳ ಮಗಳು ಮಿಂತು, ಮೂರನೇ ಕ್ಲಾಸು. ರಜೆಯನ್ನೆಲ್ಲ ಚಿಕ್ಕಮ್ಮನ ಮನೆಯಲ್ಲೇ ಕಳೆದಿದ್ದಳು. ಐರಿ ಒಳಗೆ ಹೋಗುವ ಮೊದಲು ಬಗ್ಗಿ ಕಾರಿನ ಚಕ್ರದ ಮೇಲೆ ಕೈಯಾಡಿಸಿದಳು. ಮೊಳೆ ಕೈಗೆ ಸಿಗಲಿಲ್ಲ. ಚಳಿಗಾಲದ ಟೈರಿನ ಆಳವಾದ ಗೀರೂ ಇಲ್ಲ. ಬೇಸಿಗೆ ಟೈರು. ಚಳಿಗೆ ರಬ್ಬರು ಕಲ್ಲಿನಂತೆ ಗಟ್ಟಿಯಾಗಿತ್ತು.

"ಕಾಫಿ ಇಲ್ವಾ ಐರಿ?" ಅಡುಗೆಮನೆಯಲ್ಲಿ ಕೂತಿದ್ದ ತಾರ್ಮೊ ಕೇಳಿದ.

"ಇಲ್ಲ."

ನಮ್ಮಲ್ಲಿ ಶತ್ರು ಬಂದರೂ ಕಾಫಿ ಇಡುತ್ತೇವೆ. ಅವನಿಗೆ ಅಷ್ಟರಲ್ಲೇ ಅರ್ಥವಾಗಬೇಕಿತ್ತು.

"ಟೈರು ಯಾಕೆ ಬದಲಾಯಿಸಿಲ್ಲ ಭಾವ?"

"ಗುರುವಾರಕ್ಕೆ ಹೇಳಿದೀನಿ. ಪಟ್ಟಣದಲ್ಲಿ ಟೈರಂಗಡಿ ಮುಂದೆ ಹುಚ್ಚರ ಥರ ಕ್ಯೂ ನಿಂತಿದಾರೆ."

"ಹಂಗಾದ್ರೆ ಗುರುವಾರ ಬಂದು ಮಗೂನ ಕರ್ಕೊಂಡು ಹೋಗಿ."

"ನಾಳೆ ಸ್ಕೂಲಿದೆ. ನೋಡು, ಬರೋವಾಗ ಏನಾದ್ರೂ ಆಯ್ತಾ? ಮೊದಲ ಹಿಮ ನಿಲ್ಲೋದಿಲ್ಲ ಐರಿ. ಬೆಳಗಾಗೋದ್ರೊಳಗೆ ಕರಗಿ ನೀರಾಗುತ್ತೆ."

ಹಿಂದಿನ ವರ್ಷ ಇದೇ ಅಡುಗೆಮನೆಯಲ್ಲಿ ನಿಂತು ಸೇಯಾಳಿಗೆ ಹೇಳಿದ್ದೂ ಇದೇ ಮಾತು. ಒಂದಕ್ಷರ ಆಚೀಚೆ ಇಲ್ಲ. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದರೂ ನೆಟ್ಟಗಾಗಲ್ಲ ಅಂತಾರೆ. ಇವನಿಗೆ ಹೆಂಡತಿಯ ಹೆಣವನ್ನೇ ಕಟ್ಟಿದರೂ ನೆಟ್ಟಗಾಗಲಿಲ್ಲ ನೋಡಿ! ಅಲ್ಲಿಯವರೆಗೆ ಅವನನ್ನು ಭಾವ, ನೀವು ಅನ್ನುತ್ತಿದ್ದ ಐರಿ ಆವತ್ತು ಅದನ್ನು ಬಿಟ್ಟಳು.

"ನಾಚ್ಕೆ ಆಗಲ್ವೇನೋ ನಿಂಗೆ? ಅಕ್ಕನ್ನ ತಿಂದ್ಕೊಂಡೆ. ಸಾಲ್ದಾ?"

"ಬಾಯಿಗೆ ಬಂದಂಗೆ ಮಾತಾಡ್ಬೇಡ. ಅವಳು ಸತ್ತಿದ್ದು ಎಲ್ಕಿಂದ. ಪೊಲೀಸರೇ ಹಂಗಂತ ಬರ್ಕೊಂಡಿದಾರೆ."

"ನೀನು ಹೇಳಿದ್ದನ್ನ ಬರ್ಕೊಂಡಿದಾರೆ. ಎಲ್ಕಿಗೆ ಬಾಯಿ ಇಲ್ಲ, ಅದು ನಿನ್ನ ಪುಣ್ಯ."

ಅವನ ಮುಖ ಕೆಂಪಾಯಿತು. ಎದ್ದ. "ಮಿಂತು, ಶೂ ಹಾಕ್ಕೋ."

ಐರಿ ಬಾಗಿಲಿಗೆ ಅಡ್ಡ ನಿಂತಳು. "ನೀನು ಹೋಗಿ ಸಾಯಿ. ಮಗು ಬರಲ್ಲ."

"ಮಗಳು ನಂದು, ಐರಿ."

ಯಾವ ಕಾನೂನು, ಯಾವ ನ್ಯಾಯ ಹಿಡಿದುಕೊಂಡು ತಡೆಯುವುದು? ಮಿಂತು ಶೂ ಲೇಸು ಕಟ್ಟಿಕೊಂಡು ಬಂದು, "ಜಗಳ ಬೇಡ ಚಿಕ್ಕಮ್ಮ, ನಾನು ಬೆಲ್ಟ್ ಹಾಕ್ಕೋತೀನಿ" ಅಂದಳು. ತಾರ್ಮೊ ಐರಿಯನ್ನು ಪಕ್ಕಕ್ಕೆ ಸರಿಸಿ ಮಗಳ ಕೈಹಿಡಿದು ಹೊರಟ.

ಕಾರು ಅಂಗಳದಲ್ಲೇ ಎರಡು ಸಲ ಚಕ್ರ ತಿರುಗಿಸಿತು... ಊಂಯ್... ಊಂಯ್... ಆಮೇಲೆ ರಸ್ತೆಗೆ ಇಳಿಯಿತು.

ಐರಿ ಕೋಟು ಹಾಕಿಕೊಳ್ಳಲಿಲ್ಲ. ರಬ್ಬರ್ ಬೂಟಿಗೆ ಕಾಲು ತೂರಿಸಿ ಹಿಂದೆಯೇ ಓಡಿದಳು. ಓಡಿ ಏನು ಮಾಡುತ್ತಿದ್ದಳೋ ಅವಳಿಗೇ ಗೊತ್ತಿಲ್ಲ. ಇಳಿಜಾರಿನ ತುದಿಗೆ ಬರುವಾಗ ಕೆಳಗೆ ಬ್ರೇಕಿನ ಕೆಂಪು ದೀಪ ಹತ್ತಿತು. ಮೊಳೆ ಟೈರಾದರೆ ಕರಕರ ಅಂತ ಹಿಮ ಕಚ್ಚುವ ಸದ್ದು ಬರುತ್ತೆ. ಇಲ್ಲಿ ಬಂದದ್ದು ಸ್ಸ್ಸ್ಸ್... ಅಷ್ಟೇ. ಎರಡು ಕೆಂಪು ದೀಪ ಮೆಲ್ಲಗೆ, ಬಹಳ ಮೆಲ್ಲಗೆ, ಅಡ್ಡ ತಿರುಗಿದವು. ಎಡಗಡೆ ಸರೋವರ. ಅದಿನ್ನೂ ಹೆಪ್ಪುಗಟ್ಟಿರಲಿಲ್ಲ, ಕಪ್ಪು ನೀರು.

ಐರಿ ಬಿದ್ದು ಎದ್ದು ಇಳಿಜಾರು ಇಳಿದಳು.

ಕಾರು ನಿಂತಿತು. ಜಾರಿ ಜಾರಿ ನಿಂತದ್ದಲ್ಲ. ಹಗ್ಗ ಹಿಡಿದು ಎಳೆದಂತೆ, ಗಕ್ಕನೆ, ಮೂತಿ ನೀರಿನ ಕಡೆಗೆ ಬಗ್ಗಿಸಿಕೊಂಡು ನಿಂತಿತು. ಎಂಜಿನ್ ಆರಿತು. ಆ ಮೌನದಲ್ಲಿ ಹಿಂದಿನ ಬಾಗಿಲು ತೆರೆದ ಸದ್ದು... ಟಕ್.

ಅವಳು ಹತ್ತಿರ ಹೋಗುವಾಗ ಮಿಂತು ರಸ್ತೆಯ ಮೇಲೆ ನಿಂತಿದ್ದಳು. ಬಲಗೈ ಮೇಲೆತ್ತಿದ್ದಳು. ಮಕ್ಕಳು ದೊಡ್ಡವರ ಕೈಹಿಡಿದು ನಿಲ್ಲುತ್ತಾರಲ್ಲ, ಹಾಗೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಯಾರೇ ಇಳಿಸಿದ್ದು ನಿನ್ನ?"

"ಅಮ್ಮ." ಮಿಂತು ಪಿಸುಗುಟ್ಟಿದಳು. "ಮೆತ್ತಗೆ ಮಾತಾಡ್ಬೇಕಂತೆ."

ತಾರ್ಮೊ ಒಳಗಿನಿಂದ ಬಾಗಿಲು ಗುದ್ದುತ್ತಿದ್ದ. ಬಾಗಿಲು ಜಗ್ಗುತ್ತಿರಲಿಲ್ಲ. ಕಿಟಕಿ ಅರ್ಧ ಇಳಿದು ಸಿಕ್ಕಿಕೊಂಡಿತ್ತು. "ಐರೀ, ಹೊರಗಿಂದ ಎಳಿ! ಎಳಿಯೇ!"

ಮಿಂತು ತಲೆ ಓರೆ ಮಾಡಿ ಏನೋ ಕೇಳಿಸಿಕೊಂಡಳು. "ಹ್ಞೂಂ... ಕೇಳ್ತೀನಿ" ಅಂದಳು. ಆಮೇಲೆ, "ಅಪ್ಪಾ, ಎಲ್ಕ್ ಎಲ್ಲಿತ್ತು ಅಂತ ಕೇಳು ಅಂತಿದಾಳೆ."

ಗುದ್ದುವ ಸದ್ದು ನಿಂತಿತು.

"ಯಾರು?"

"ಅಮ್ಮ."

"ರಸ್ತೆ... ರಸ್ತೆ ಮಧ್ಯ ಇತ್ತು, ಪುಟ್ಟಿ. ದೊಡ್ಡದು."

ಸ್ಸ್... ಕಾರು ನೀರಿನ ಕಡೆಗೆ ಒಂದು ಗೇಣು ಜಾರಿತು.

ಐರಿ ಬಾಗಿಲಿನ ಹಿಡಿಯ ಹತ್ತಿರವೇ ನಿಂತಿದ್ದಳು. ಎಳೆಯಬಹುದಿತ್ತು. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಸಿಟ್ಟು ಅಂದರೆ ಅದು. ಇದನ್ನು ಅವಳೇ ನನಗೆ ಹೇಳಿದ್ದು, ತಲೆ ತಗ್ಗಿಸದೆ.

"ಎಲ್ಲಿತ್ತು ಅಂತೆ ಅಪ್ಪಾ?"

"ಕಾಡಿಂದ ಹಾರ್ತು, ಬಲಗಡೆಯಿಂದ..."

ಸ್ಸ್ಸ್... ಮುಂದಿನ ಚಕ್ರದಡಿಯ ಕಲ್ಲೊಂದು ಉರುಳಿ ನೀರಿಗೆ ಬಿತ್ತು. ಬ್ಳುಪ್.

"ಇರ್ಲಿಲ್ಲ!" ತಾರ್ಮೊ ಕಿರುಚಿದ. "ಎಲ್ಕ್ ಇರ್ಲಿಲ್ಲ! ಯಾವ ಎಲ್ಕೂ ಬರ್ಲಿಲ್ಲ! ನಿಲ್ಸು, ನಡ್ಕೊಂಡು ಹೋಗೋಣ ಅಂದ್ಲು ಸೇಯಾ... ಹೆದರ್ಕೋಬೇಡ್ವೇ ಅಂತ ನಕ್ಕೆ... ಬೇಕಂತಲೇ ಜೋರಾಗಿ ಓಡಿಸ್ದೆ. ನಾನೇ... ನಾನೇ ಕೊಂದೆ."

ಟಕ್. ಅವನ ಬಾಗಿಲು ತಾನಾಗಿ ತೆರೆದುಕೊಂಡಿತು. ಅವನು ಹೊರಗೆ ಬಿದ್ದು, ಹಿಮದಲ್ಲಿ ಕೈಕಾಲೂರಿ ತೆವಳಿಕೊಂಡು ಬಂದ. ಮಿಂತುವಿನ ಕೈ ಮೆಲ್ಲಗೆ ಕೆಳಗಿಳಿಯಿತು.

"ಹೋದ್ಲು" ಅಂದಳು.

ಮೂವರೂ ನಡೆದೇ ಮನೆಗೆ ಬಂದರು. ಐರಿಯ ಸಿಟ್ಟು ಆ ರಾತ್ರಿಯೂ ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ. ತಾರ್ಮೊ ಅಡುಗೆಮನೆಯ ಬೆಂಚಿನ ಮೇಲೆ ಕೂತು ಬೆಳಗು ಮಾಡಿದ. ಬೆಳಗಾದ ಮೇಲೆ ಅವನೇ ಪೊಲೀಸರಿಗೆ ಫೋನು ಮಾಡಿ, ಹೋದ ವರ್ಷ ಹೇಳಿದ್ದೆಲ್ಲ ಸುಳ್ಳು ಅಂದ. ಶಿಕ್ಷೆ ಆಯಿತು. ಕಡಿಮೆಯಾಯಿತು ಅಂತ ನಾನು ಅಂದರೆ ನೀವು ಬೈಯಬಾರದು. ಮಿಂತು ಈಗ ಐರಿಯ ಹತ್ತಿರವೇ ಬೆಳೆಯುತ್ತಿದ್ದಾಳೆ.

ಆ ಬೆಳಗ್ಗೆ ಇಲ್ಪೊ ಟ್ರ್ಯಾಕ್ಟರ್ ತಗೊಂಡು ಕಾರು ಎಳೆಯಲು ಹೋದ. ರಾತ್ರಿಯಿಡೀ ಹಿಮ ಬಿದ್ದಿತ್ತು. ಮೊದಲ ಹಿಮ ಕರಗದೆ ನಿಂತಿತ್ತು. ರಸ್ತೆಯ ಮೇಲೆ ಯಾವ ಹೆಜ್ಜೆ ಗುರುತೂ ಇರಲಿಲ್ಲ. ಕಾರು ಇದ್ದ ಜಾಗದಲ್ಲೇ ಇತ್ತು, ಆದರೆ ಹೊಟ್ಟೆಯ ಮೇಲೆ ಕೂತಿತ್ತು. ನಾಲ್ಕು ಚಕ್ರವೂ ಇರಲಿಲ್ಲ. ರಸ್ತೆಯ ಅಂಚಿನಲ್ಲಿದ್ದವು, ಒಂದರ ಮೇಲೊಂದು ಪೇರಿಸಿ, ಅಚ್ಚುಕಟ್ಟಾಗಿ.

ಸುಳ್ಳು ಅನ್ನೋರು ಬೆಳಗ್ಗೆ ಶೆಡ್ಡಿಗೆ ಹೋಗಿ ಇಲ್ಪೊನನ್ನೇ ಕೇಳಿ. ಅವನು ಕುಡಿಯುವವನಲ್ಲ, ಕತೆ ಕಟ್ಟುವವನೂ ಅಲ್ಲ. ಕಾರಿನ ನೆತ್ತಿಯ ಮೇಲೆ ಒಂದು ಗೇಣು ಹಿಮ ಇತ್ತಂತೆ. ಪಕ್ಕದ ಪೊದೆ ಮುಚ್ಚಿಹೋಗಿತ್ತಂತೆ. ಆ ಮೇಲಿನ ಟೈರು ಮಾತ್ರ... ಮುಟ್ಟಿ ನೋಡಿದನಂತೆ, ಒಣಗಿತ್ತು, ರಾತ್ರಿಯಿಡೀ ಯಾರೋ ಅದರ ಮೇಲೆ ಕೂತು ಈಗಷ್ಟೇ ಎದ್ದು ಹೋದ ಹಾಗೆ.